ಯಾವ ಕಡೆಗೆ ಎಳೆಯುತ್ತೆ

ಮಾರ್ಚ್ 4

ಅಣ್ಣನಿಗೆ,

ಆರು ವರ್ಷವಾದ ಮೇಲೆ ಕಾಗದ ಬರೆಯುತ್ತಿದ್ದೇನೆ, ಅದೂ ಬೈಕಿನ ವಿಷಯ ಕೇಳುವುದಕ್ಕೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರದ್ದೂ ಯಾರಿಗೂ ಕೇಳಿಸುವುದಿಲ್ಲ. ಕಾಗದದಲ್ಲಾದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು.

ನಾನೀಗ ಮನೆಮನೆಗೆ ಹೋಗುವ ನರ್ಸ್. ಹಾಸಿಗೆ ಹಿಡಿದವರ ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಆಮೇಲೆ ಅವರ ಸೊಸೆಯಂದಿರ ದೂರು ಕೇಳುವುದು. ದಿನಕ್ಕೆ ಹನ್ನೊಂದು ಮನೆ. ಬಸ್ಸು ಹಿಡಿದು ಹೋದರೆ ಏಳನೇ ಮನೆಗೇ ಸಂಜೆಯಾಗುತ್ತದೆ. ಉಳಿದ ನಾಲ್ಕು ಮನೆಯವರು ಬಾಗಿಲಲ್ಲಿ ಕೂತು ನನಗೆ ಶಾಪ ಹಾಕುತ್ತಿರುತ್ತಾರೆ. ನಮ್ಮ ಮೇಲಿನವರು, "ಒಂದು ಗಾಡಿ ಅಂತ ಮಾಡ್ಕೊಳ್ಳಿ ಸಿಸ್ಟರ್, ಇಲ್ಲಾಂದ್ರೆ ಜೂನ್‌ನಿಂದ ವಾಪಸ್ ವಾರ್ಡಿಗೆ" ಅಂದಿದ್ದಾರೆ. ವಾರ್ಡಿಗೆ ನಾನು ಹೋಗುವುದಿಲ್ಲ. ಅಲ್ಲಿ ಬಿಳಿ ಶೂ ಹಾಕಲೇಬೇಕು. ಇಲ್ಲಿ ಚಪ್ಪಲಿಯಾದರೂ ನಡೆಯುತ್ತದೆ.

ದಾರಿ ಹೇಳಿಬಿಡುತ್ತೇನೆ. ಮೊದಲು ಪೇಟೆ ಬೀದಿ, ನಿಂತು ನಿಂತು ಹೋಗಬೇಕು. ಆಮೇಲೆ ರೈಲ್ವೆ ಗೇಟು, ಅದರಾಚೆ ಒಂದು ಏರು, ಏರಿನ ಮೇಲೆ ಇಟ್ಟಿಗೆ ಗೂಡುಗಳ ಸಾಲು. ಅಲ್ಲಿಗೆ ರಸ್ತೆ ಮುಗಿದು ಲಾರಿ ಚಕ್ರದ ಆಳವಾದ ಜಾಡು ಮಾತ್ರ ಇರುತ್ತದೆ. ಸ್ಕೂಟರಿನ ಸಣ್ಣ ಚಕ್ರ ಅದರೊಳಗೆ ಸಿಕ್ಕಿಕೊಳ್ಳುತ್ತದಂತೆ. ನನ್ನ ಎತ್ತರ ನಿನಗೆ ಗೊತ್ತು, ಒಂದಿಂಚೂ ಬೆಳೆದಿಲ್ಲ.

ದಿನಾ ಓಡಿಸುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ಗಾಡಿ ಯಾವುದು? ನಿನ್ನಷ್ಟು ಗೊತ್ತಿರುವ ಮೆಕ್ಯಾನಿಕ್ ನನಗೆ ಬೇರೆ ಯಾರೂ ಇಲ್ಲ. ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ.

ಅಮ್ಮ ಹೇಗಿದ್ದಾಳೆ? ಹೊಲಿಗೆ ಮಷಿನ್ನು ಇನ್ನೂ ಕಿಟಕಿ ಹತ್ತಿರವೇ ಇದೆಯಾ?

ತಂಗಿ


ಮಾರ್ಚ್ 13

ಕಿಡಿ,

ನಿನ್ನ ಅಕ್ಷರ ನೋಡಿ ಲಕೋಟೆಯನ್ನು ಮೂರು ದಿನ ಟೂಲ್ ಬಾಕ್ಸಿನೊಳಗೆ ಇಟ್ಟಿದ್ದೆ. ಬೈಗುಳ ಇರುತ್ತೆ ಅಂದುಕೊಂಡಿದ್ದೆ. ಒಡೆದು ನೋಡಿದರೆ ಗಾಡಿ ವಿಷಯ. ಅಂತೂ ಬುದ್ಧಿ ಬಂತಲ್ಲ, ಸಂತೋಷ.

ಈಗ ಸರಿಯಾಗಿ ಕೇಳಿಸಿಕೋ. ಜನ ಗಾಡಿ ಆರಿಸುವಾಗ ಟ್ಯಾಂಕ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಸೈಲೆನ್ಸರ್ ಸದ್ದಿಗೆ ಮರುಳಾಗುತ್ತಾರೆ. ಅವರೆಲ್ಲ ಮದುವೆ ಫೋಟೋಕ್ಕೆ ಗಾಡಿ ತಗೊಳ್ಳೋರು. ನಿನಗೆ ಬೇಕಾದ್ದು ದಿನದ ಗಾಡಿ. ಮೊದಲು ಸೀಟಿನ ಮೇಲೆ ಕೂರು. ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಬೆರಳ ತುದಿ ತಾಗಿತು ಅಂತ ಖುಷಿಪಟ್ಟರೆ ರೈಲ್ವೆ ಗೇಟಿನಲ್ಲಿ ಬೀಳ್ತೀಯ. ಹ್ಯಾಂಡಲ್ ಎತ್ತರ ಇರಲಿ, ಬೆನ್ನು ನೆಟ್ಟಗಿರುತ್ತೆ. ತೂಕ ನಿನ್ನಿಂದ ತಳ್ಳೋಕೆ ಆಗುವಷ್ಟು. ಮುಂದಕ್ಕೆ ಡಿಸ್ಕ್ ಬ್ರೇಕ್. ಸೆಲ್ಫ್ ಇದ್ದರೂ ಕಿಕ್ಕರ್ ಇರಲೇಬೇಕು, ಬ್ಯಾಟರಿ ನಂಬಿ ಕೂರಬೇಡ. ಚೈನಿಗೆ ಪೂರ್ತಿ ಮುಚ್ಚಳ ಇರಲಿ, ಇಟ್ಟಿಗೆ ಧೂಳು ಚೈನ್ ತಿಂದುಹಾಕುತ್ತೆ. ಬಿಡಿಭಾಗ ನಿಮ್ಮ ಬೀದಿಯಲ್ಲೇ ಸಿಗುತ್ತಾ ಕೇಳು. ನೂರಿಪ್ಪತ್ತೈದು ಸಿಸಿ ನಿನಗೆ ಸರಿ. ನೂರೈವತ್ತು ಬೇಡ, ಬಿಸಿಯಾಗಿ ತೊಡೆ ಸುಡುತ್ತೆ. ನೂರು ಸಿಸಿ ಹಾಲಿನ ಕ್ಯಾನಿನವರಿಗೆ. ನನ್ನ ತಂಗಿ ಅದರ ಮೇಲೆ ಕೂತರೆ ನನ್ನ ಮಾನ ಹೋಗುತ್ತೆ.

ಕೊನೆಗೆ ಒಂದು ಮಾತು. ಗಿರಾಕಿಗಳಿಗೆ ನಾನು ಇದನ್ನೇ ಹೇಳೋದು. ದಿನದ ಗಾಡಿ ಅಂದರೆ ಎಷ್ಟು ಭಾರ ಹೇರಿದರೂ ತಡ್ಕೋಬೇಕು, ದೂರು ಹೇಳಬಾರದು. ಅಂಥದ್ದನ್ನು ಆರಿಸಿಕೋ.

ನನ್ನ ಅಂಗಡಿ ಜೋರಾಗಿದೆ. ಈಗ ನಾನು ಗಾಡಿ ಓಡಿಸಿ ಕೂಡ ನೋಡುವುದಿಲ್ಲ. ಗಿರಾಕಿಯೇ ಒಂದು ಸುತ್ತು ಹೊಡೆದು ಬರುತ್ತಾನೆ, ನಾನು ಬಾಗಿಲಲ್ಲಿ ನಿಂತು ಸದ್ದು ಕೇಳಿ ಎಲ್ಲಿ ತಪ್ಪಿದೆ ಅಂತ ಹೇಳ್ತೀನಿ. ಬೀದಿಯಲ್ಲಿ ಸ್ಪ್ಯಾನರ್ ಮೇಷ್ಟ್ರು ಅಂತ ಹೆಸರು ಬಿದ್ದಿದೆ.

ಅಮ್ಮ ಚೆನ್ನಾಗಿದ್ದಾಳೆ. ಮಷಿನ್ನು ಕಿಟಕಿ ಹತ್ತಿರವೇ ಇದೆ. ನಾನು ಗಾಡಿ ರಿಪೇರಿ ಮಾಡ್ತೀನಿ, ಅವಳು ಆ ಗಾಡಿಗೆ ಸೀಟ್ ಕವರ್ ಹೊಲಿಯುತ್ತಾಳೆ. ಯಾವ ಸೀಟು ಎಷ್ಟು ಇಂಚು ಅಂತ ಬಾಯಲ್ಲೇ ಇದೆ. ನಿನ್ನ ಕಾಗದ ಬಂತು ಅಂದೆ. ಮಷಿನ್ನಿಗೆ ದಾರ ಪೋಣಿಸಿಕೊಂಡಳು. ಅವಳ ಕೋಪ ಇನ್ನೂ ಇಳಿದಿಲ್ಲ. ನಾನೂ ಎರಡು ಮಾತು ಹೇಳಿ ನೋಡಿದೆ, ಕೇಳಲ್ಲ.

ನಿನ್ನ ಅಣ್ಣ


ಏಪ್ರಿಲ್ 1

ಅಣ್ಣಾ,

ಮೂರು ಗಾಡಿ ನೋಡಿದೆ. ನಿನ್ನ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡೇ ಹೋಗಿದ್ದೆ. ಗಾಡಿ ಓಡಿಸುವುದು ಮರೆತಿಲ್ಲ. ನಿನ್ನ ಅಂಗಡಿಯ ಹಿಂದಿನ ಮೈದಾನದಲ್ಲಿ ಕಲಿತದ್ದು ಕೈಯಲ್ಲೇ ಇದೆ.

ಮೊದಲನೆಯದು ಕಪ್ಪು, ಶೋರೂಮಿನದು. ಜೊತೆಗೆ ನಮ್ಮ ಆಂಬುಲೆನ್ಸ್ ಡ್ರೈವರ್ ಬಂದಿದ್ದ. ತಗೊಳ್ಳೋದು ನಾನು ಅಂತ ಮೂರು ಸಲ ಹೇಳಿದರೂ ಮಾರುವವನು ಡ್ರೈವರ್ ಮುಖ ನೋಡಿಕೊಂಡೇ ಮಾತಾಡಿದ. "ಮೇಡಂಗೆ ಸ್ಕೂಟರ್ ಸಾಕು ಸಾರ್" ಅಂದ. "ನನಗೂ ಸಾಕು, ಕೊಡಿಸ್ತೀರಾ?" ಅಂತ ಡ್ರೈವರ್ ಕೇಳಿದ. ಕೂತು ನೋಡಿದೆ, ಬೆರಳ ತುದಿ ಮಾತ್ರ ತಾಗಿತು. ಇಳಿದುಬಿಟ್ಟೆ.

ಎರಡನೆಯದು ಕೆಂಪು, ನೂರು ಸಿಸಿ, ನೀನು ಬೈದಿರುವ ಹಾಲಿನವರ ಗಾಡಿ. ಏರು ಹತ್ತುವಾಗ ಮುದುಕಿಯ ಹಾಗೆ ಗೊಣಗುತ್ತದೆ. ಸೀಟು ಹಲಗೆ. ಪಾದ ಮಾತ್ರ ಪೂರ್ತಿ ಊರುತ್ತದೆ.

ಮೂರನೆಯದು ಬೂದು ಬಣ್ಣದ್ದು, ನೂರಿಪ್ಪತ್ತೈದು ಸಿಸಿ, ಸೆಕೆಂಡ್ ಹ್ಯಾಂಡ್. ನಾನು ಪಟ್ಟಿ ಕಟ್ಟುವ ಡ್ರಾಯಿಂಗ್ ಮೇಷ್ಟ್ರದು. ಸಕ್ಕರೆ ಕಾಯಿಲೆಯಿಂದ ಕಾಲಿನ ಮೂರು ಬೆರಳು ತೆಗೆದಿದ್ದಾರೆ, ಇನ್ನು ಓಡಿಸುವ ಹಾಗಿಲ್ಲ. "ನೀವೇ ತಗೊಂಡ್ರೆ ದಿನಾ ಬರ್ತೀರಲ್ಲ ಸಿಸ್ಟರ್, ನನಗೂ ಗಾಡಿ ಮುಖ ನೋಡ್ದಂಗಾಗುತ್ತೆ" ಅಂದರು. ಚೈನಿಗೆ ಮುಚ್ಚಳ, ಮುಂದಕ್ಕೆ ಡಿಸ್ಕು, ಕಿಕ್ಕರು, ನೀನು ಬರೆದದ್ದೆಲ್ಲ ಇದೆ. ಸ್ಟೇಷನ್ ರಸ್ತೆಯಲ್ಲಿ ಎರಡು ಸುತ್ತು ಹೊಡೆದೆ. ಗಾಡಿ ಎಳೆಯುತ್ತೆ ಅಣ್ಣಾ.

ತಗೊಳ್ಳಲಾ? ನೀನು ಹೇಳಿದ ಹಾಗೆ ಮಾಡುತ್ತೇನೆ.

ತಂಗಿ


ಏಪ್ರಿಲ್ 9

ಮುದ್ದು ಕಿಡಿ,

ತಗೋ. ಕಣ್ಣು ಮುಚ್ಚಿಕೊಂಡು ತಗೋ.

ಎಳೆಯುತ್ತೆ ಅಂತ ನೀನೇ ಬರೆದ ಮೇಲೆ ನನ್ನನ್ನು ಕೇಳುವುದು ಇನ್ನೇನಿದೆ. ಹಳೆಯ ಇಂಜಿನ್ ಇನ್ನೂ ಎಳೆಯುತ್ತೆ ಅಂದರೆ ಮೇಷ್ಟ್ರು ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದಾರೆ ಅಂತ ಅರ್ಥ. ಅಂಥವರ ಗಾಡಿ ಸಿಗೋದು ಪುಣ್ಯ. ಆ ಏರು ಇನ್ನು ನಿನಗೆ ಲೆಕ್ಕಕ್ಕೇ ಇಲ್ಲ.

ನಿನ್ನ ಔಷಧಿ ಬ್ಯಾಗಿಗೆ ಅಂತ ಪಕ್ಕಕ್ಕೆ ಹಾಕೋ ಒಂದು ತಗಡಿನ ಡಬ್ಬ ಮಾಡ್ತಾ ಇದ್ದೀನಿ. ಒಳಗೆ ರಬ್ಬರ್ ಹಾಸು, ಬಾಟಲಿ ಒಡೆಯಬಾರದು ಅಂತ. ಕೀಲಿ ಕೂಡ ಇಡ್ತೀನಿ. ಬೆಸುಗೆ ಹಾಕುವಾಗ ನಿನ್ನ ನೆನಪಾಯಿತು. ಅಂಗಡಿ ಮೆಟ್ಟಿಲ ಮೇಲೆ ಕೂತು ಸ್ಪಾರ್ಕ್ ಪ್ಲಗ್ಗುಗಳನ್ನು ಉಜ್ಜಿ ಉಜ್ಜಿ ಸಾಲಾಗಿ ಇಡ್ತಿದ್ದೆ. ಕಿಡಿ ಬರ್ತಾ ಇದೆಯಾ ಅಂತ ಎಲ್ಲರನ್ನೂ ಕೇಳಿ ತಲೆ ತಿಂತಿದ್ದೆ, ಅದಕ್ಕೇ ಅಪ್ಪ ಆ ಹೆಸರಿಟ್ಟದ್ದು.

ನೋಡು, ಆದದ್ದು ಆಯಿತು. ಅಪ್ಪ ನಿನ್ನ ಬಿಳಿ ಶೂ ತಗೊಂಡು ನಿನ್ನ ಹತ್ತಿರ ಬರುವಾಗಲೇ ಗಾಡಿಯಿಂದ ಬಿದ್ದು ಹೋದರು ಅನ್ನೋದನ್ನು ಯಾರಿಗೂ ಅಳಿಸೋಕಾಗಲ್ಲ. ನೀನೂ ಆಗ ಚಿಕ್ಕವಳು. ಅವಸರದಲ್ಲಿ ಫೋನ್ ಮಾಡಿಬಿಟ್ಟೆ. ನಾನು ಅದನ್ನು ಯಾವತ್ತೋ ಕ್ಷಮಿಸಿದ್ದೀನಿ. ಅಮ್ಮನದ್ದೂ ಸರಿಹೋಗುತ್ತೆ, ನಾನಿದ್ದೀನಲ್ಲ.

ನಿನ್ನ ಅಣ್ಣ


ಏಪ್ರಿಲ್ 20

ಕ್ಷಮಿಸಿದ್ದೀಯಾ. ಬಹಳ ಉಪಕಾರವಾಯಿತು.

ಬೂದು ಗಾಡಿ ಎಡಕ್ಕೆ ಎಳೆಯುತ್ತದೆ. ಕೈ ಸ್ವಲ್ಪ ಸಡಿಲ ಬಿಟ್ಟರೆ ಸೀದಾ ಚರಂಡಿ ಕಡೆಗೆ. ಇಲ್ಲಿಯ ಮೆಕ್ಯಾನಿಕ್ ಹತ್ತು ನಿಮಿಷ ನೋಡಿ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬಾಗಿದೆ ಅಂದ. ಮೇಷ್ಟ್ರಿಗೂ ಗೊತ್ತಿರಲಿಲ್ಲ. ಯಾವಾಗಲೋ ಗೋಡೆಗೆ ಗುದ್ದಿಸಿದ್ದು ಮರೆತುಬಿಟ್ಟಿದ್ದರು. ನಾನು ತಗೊಳ್ಳಲಿಲ್ಲ.

ನಿನಗೆ "ಎಳೆಯುತ್ತೆ" ಅಂತಷ್ಟೇ ಬರೆದೆ. ಬೇಕೆಂದೇ ಬರೆದೆ.

ನನಗೆ ಹತ್ತು ವರ್ಷವಿದ್ದಾಗ ಅಂಗಡಿ ಮೆಟ್ಟಿಲ ಮೇಲೆ ಕೂರಿಸಿಕೊಂಡು ನೀನೇ ಹೇಳಿಕೊಟ್ಟಿದ್ದೆ. ಗಿರಾಕಿ ಬಂದು ಗಾಡಿ ಎಳೆಯುತ್ತೆ ಅಂದರೆ ಎರಡರಲ್ಲೊಂದು. ಇಂಜಿನ್ ಮುಂದಕ್ಕೆ ಎಳೆಯುತ್ತೆ ಅಂತ ಹೊಗಳುತ್ತಿದ್ದಾನೆ, ಇಲ್ಲಾ ಹ್ಯಾಂಡಲ್ ಪಕ್ಕಕ್ಕೆ ಎಳೆಯುತ್ತೆ ಅಂತ ದೂರುತ್ತಿದ್ದಾನೆ. ಅದಕ್ಕೇ ಮೊದಲು ಕೇಳಬೇಕಾದ್ದು, ಯಾವ ಕಡೆಗೆ? ನಾನು ಯಾರು ಬಂದರೂ "ಯಾವ ಕಡೆಗೆ, ಯಾವ ಕಡೆಗೆ" ಅಂತ ಕೇಳಿ ಬೈಸಿಕೊಳ್ಳುತ್ತಿದ್ದೆ. ಈಗ ನೀನು ಕೇಳಲಿಲ್ಲ. ಮೊದಲ ಕಾಗದದಲ್ಲಿ ಸೀಟು, ಚೈನು, ಬ್ಯಾಟರಿ ಎಲ್ಲ ಬರೆದೆ. ಕೈ ಸಡಿಲ ಬಿಟ್ಟು ನೇರ ಹೋಗುತ್ತಾ ನೋಡು ಅಂತ ಒಂದು ಸಾಲು ಬರೆಯಲಿಲ್ಲ. ಹಳೆಯ ಗಾಡಿ ಕೊಳ್ಳುವಾಗ ನೀನು ಮೊದಲು ನೋಡುತ್ತಿದ್ದದ್ದೇ ಅದು.

ಈಗ ಆ ದಿನದ ವಿಷಯ. ಆರು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ಮೊದಲ ದಿನದ ಡ್ಯೂಟಿಗೆ ಬಿಳಿ ಶೂ ಬೇಕಿತ್ತು, ಮನೆಯಲ್ಲೇ ಮರೆತು ಹಾಸ್ಟೆಲಿಗೆ ಬಂದಿದ್ದೆ. ಬೆಳಿಗ್ಗೆ ಏಳಕ್ಕೆ ಅಪ್ಪನಿಗೆ ಫೋನ್ ಮಾಡಿದೆ. "ಡ್ಯೂಟಿ ಇರೋದು ಮಧ್ಯಾಹ್ನ, ಬಸ್ಸಿಗೆ ಕೊಟ್ಟು ಕಳಿಸಿ, ಅವಸರ ಏನಿಲ್ಲ" ಅಂದೆ. ಅವಸರ ಏನಿಲ್ಲ ಅಂದೆ, ಅಣ್ಣಾ. ಅಪ್ಪ ನಕ್ಕರು. "ಬಸ್ಸು ಯಾಕೆ, ನಾನೇ ಬರ್ತೀನಿ. ನಿನ್ನಣ್ಣ ನಿನ್ನೆ ಗಾಡಿ ಸರ್ವಿಸ್ ಮಾಡಿದಾನೆ. ಎಳೆಯುತ್ತೆ, ನೋಡ್ಕೊಂಡು ಹೋಗಿ ಅಂದ. ನನಗೇ ನೋಡ್ಕೊಂಡು ಹೋಗಿ ಅಂತಾನೆ ಅಂದ್ರೆ ಎಷ್ಟು ಪಿಕಪ್ ಬಂದಿರಬೇಕು ನೋಡು" ಅಂದರು. ಆ ದನಿಯಲ್ಲಿ ಎಷ್ಟು ಹೆಮ್ಮೆ ಇತ್ತು ಅಂತ ನಿನಗೆ ಹೇಗೆ ಬರೆದು ತೋರಿಸಲಿ. ಸೇತುವೆ ತಿರುವಿನಲ್ಲಿ ರಸ್ತೆ ಬಿಟ್ಟು ಎಡಕ್ಕೆ ಹೋಗಿ ಬಿದ್ದರು. ಎದುರಿಗೆ ಯಾರೂ ಇರಲಿಲ್ಲ, ರಸ್ತೆ ಒಣಗಿತ್ತು.

ಶೂ ತರಲು ನಾನು ಪೊಲೀಸ್ ಠಾಣೆಗೆ ಹೋಗಿದ್ದೆ. ಹಿಂದಿನ ಅಂಗಳದಲ್ಲಿ ಅಪ್ಪನ ಗಾಡಿ ನಿಲ್ಲಿಸಿದ್ದರು. ಹಿಡಿದು ನಾಲ್ಕು ಹೆಜ್ಜೆ ತಳ್ಳಿದೆ. ಎಡಕ್ಕೆ ಹೋಯಿತು. ಬಿದ್ದು ಬಾಗಿತೋ, ಬಾಗಿದ್ದರಿಂದ ಬಿದ್ದರೋ, ಆರು ವರ್ಷದಿಂದ ಇದೊಂದೇ ನನ್ನ ತಲೆಯಲ್ಲಿ. ಗಾಯ ತೊಳೆಯುವಾಗಲೂ ಇದೇ, ಊಟಕ್ಕೆ ಕೂತಾಗಲೂ ಇದೇ. ನೆಂಟರೆಲ್ಲ ನನ್ನ ಮುಖದ ಮೇಲೆಯೇ, "ಒಂದು ಜೊತೆ ಶೂಗೋಸ್ಕರ ಅಪ್ಪನ್ನ ತಿಂದ್ಕೊಂಡ್ಳು" ಅಂದರು. ನೀನು ಪಕ್ಕದಲ್ಲಿ ನಿಂತಿದ್ದೆ. "ಅವಸರ ಮಾಡಿದ್ಳು, ಏನ್ಮಾಡೋದು" ಅಂದೆ. ಅಮ್ಮ ಶೂ ತಂದು ನನ್ನ ಮುಂದೆ ಇಟ್ಟು, "ತಗೊಂಡು ಹೋಗು" ಅಂದಳು. ಅದೇ ಅವಳು ನನ್ನ ಜೊತೆ ಆಡಿದ ಕೊನೆಯ ಮಾತು.

ಅಪ್ಪನಿಗೆ ನೀನು ಯಾವ ಕಡೆಗೆ ಅಂತ ಹೇಳಿದ್ದೆಯಾ? ಹೌದಾ ಇಲ್ಲವಾ, ಅಷ್ಟು ಬರೆ. ಇಲ್ಲ ಅಂತಾದರೆ ಅಮ್ಮನಿಗೆ ನೀನೇ ಹೇಳು. ನಾನು ಹೇಳಿದರೆ ಅದು ಚಾಡಿಯಾಗುತ್ತದೆ. ನನಗೆ ಬೇರೇನೂ ಬೇಡ. ಅಮ್ಮ ಒಂದು ಸಲ ನನ್ನ ಜೊತೆ ಮಾತಾಡಬೇಕು.


ಏಪ್ರಿಲ್ 27

ಸಿಸ್ಟರ್ ಅವರಿಗೆ,

ಆರು ವರ್ಷ ಬಿಟ್ಟು ಕಾಗದ ಬರೆದದ್ದು ಅಣ್ಣನಿಗೆ ಪರೀಕ್ಷೆ ಇಡೋಕೆ ಅಂತ ಈಗ ಗೊತ್ತಾಯಿತು. ನಾನೊಬ್ಬ ಪೆದ್ದ, ಬೀದಿಗೆಲ್ಲ ತಂಗಿ ಕಾಗದ ಬರೆದಳು ಅಂತ ಹೇಳಿಕೊಂಡು ಬಂದೆ.

ನಾನು ಹೇಳಿದ್ದೆ. ಎಳೆಯುತ್ತೆ, ನೋಡ್ಕೊಂಡು ಹೋಗಿ ಅಂತ ಹೇಳಿದ್ದೆ. ನೀನೇ ಬರೆದಿದ್ದೀಯಲ್ಲ. ಅಪ್ಪ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಇನ್ನೊಬ್ಬರು ಬರೆದದ್ದರಲ್ಲಿ ತಪ್ಪು ಹುಡುಕಿಯೇ ಸಂಬಳ ಎಣಿಸಿದವರು. ಅವರಿಗೆ ಸ್ವಂತ ಮಗನ ಒಂದು ಮಾತು ಅರ್ಥವಾಗಲಿಲ್ಲ ಅಂದರೆ ನಾನೇನು ಮಾಡಲಿ? ಬೆನ್ನ ಹಿಂದೆ ಕೂತು ಓಡಿಸಬೇಕಿತ್ತಾ?

ಅಮ್ಮನಿಗೆ ಹೇಳಿಬಿಡಬೇಕಂತೆ. ಅವಳಿಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡೋನು ನಾನು. ಕಣ್ಣಿನ ಆಪರೇಷನ್ ಮಾಡಿಸಿದೋನು ನಾನು. ನೀನು ದೂರದಲ್ಲಿ ಕೂತು ಊರವರ ಹುಣ್ಣು ತೊಳಿ.

ಡಬ್ಬವನ್ನು ಬೇರೆ ಗಿರಾಕಿಗೆ ಕೊಟ್ಟುಬಿಟ್ಟೆ.


ಮೇ 5

ಹೌದಾ ಇಲ್ಲವಾ ಅಂತ ಕೇಳಿದ್ದೆ. ಎರಡೂ ಬರೆದಿಲ್ಲ. ಮಾತ್ರೆ ಕೊಟ್ಟದ್ದು ಬರೆದಿದ್ದೀಯ.

ಇನ್ನು ನಾನು ಕೇಳುವುದಿಲ್ಲ.


ಜುಲೈ 19

ತಂಗೀ,

ಎರಡೂವರೆ ತಿಂಗಳು ಬರೆಯಲಿಲ್ಲ. ಬರೆಯೋಕೆ ಕೂತೆ, ಹರಿದೆ, ಮತ್ತೆ ಕೂತೆ. ಈಗ ಒಂದೇ ಉಸಿರಿಗೆ ಬರೀತೀನಿ, ತಪ್ಪಿದ್ದರೆ ತಿದ್ದಿಕೋ.

ಇಲ್ಲ. ಯಾವ ಕಡೆಗೆ ಅಂತ ಹೇಳಲಿಲ್ಲ.

ಫೋರ್ಕ್ ಬಾಗಿಸಿದ್ದು ನಾನೇ. ಹಿಂದಿನ ದಿನ ಸಂಜೆ ಸರ್ವಿಸ್ ಮುಗಿಸಿ ಓಡಿಸಿ ನೋಡೋಕೆ ಹೋದೆ. ಬೀದಿ ತುದಿಯಲ್ಲಿ ಟೀ ಅಂಗಡಿಯವರು ನೋಡ್ತಾ ಇದ್ದರು, ಜೋರಾಗಿ ತಿರುಗಿಸಿದೆ. ಮೋರಿ ಕಲ್ಲಿಗೆ ಗುದ್ದಿದೆ. ನನಗೇನೂ ಆಗಲಿಲ್ಲ. ಗಾಡಿ ತಳ್ಳಿಕೊಂಡು ಬಂದೆ. ಹ್ಯಾಂಡಲ್ ತಿರುಚಿ ಕಣ್ಣಿಗೆ ನೇರ ಕಾಣೋ ಹಾಗೆ ಮಾಡಿದೆ. ಫೋರ್ಕ್ ಬಿಚ್ಚಿ ನೋಡಬೇಕಿತ್ತು, ಭಾನುವಾರ ನೋಡಿದರಾಯಿತು ಅಂದುಕೊಂಡೆ. ನಾನೇ ಬೀಳಿಸಿದೆ ಅಂತ ಅಪ್ಪನಿಗೆ ಹೇಳೋಕೆ ನಾಚಿಕೆಯಾಯಿತು. ಮಗ ದೊಡ್ಡ ಮೆಕ್ಯಾನಿಕ್ ಅಂತ ಪ್ರೆಸ್ಸಿನವರಿಗೆಲ್ಲ ಹೇಳಿಕೊಂಡು ಓಡಾಡ್ತಿದ್ದರಲ್ಲ.

ಬೆಳಿಗ್ಗೆ, ನಿನ್ನ ಫೋನ್ ಬರೋ ಮೊದಲು, ಪ್ರೆಸ್ಸಿಗೆ ಹೊರಡೋಕೆ ಅಂತ ಅವರು ಹೆಲ್ಮೆಟ್ ಹಾಕಿಕೊಂಡರು. "ಎಳೆಯುತ್ತೆ, ನೋಡ್ಕೊಂಡು ಹೋಗಿ" ಅಂದೆ. ಅಪ್ಪ ನಕ್ಕರು, ಕಿಡಿ. ಖುಷಿಯಿಂದ ನನ್ನ ಬೆನ್ನು ತಟ್ಟಿದರು. ಪಕ್ಕಕ್ಕೆ ಎಳೆಯುತ್ತೆ ಅಂದರೆ ಯಾರಾದರೂ ನಗ್ತಾರಾ? ಅವರು ತಪ್ಪು ತಿಳಿದುಕೊಂಡರು ಅಂತ ನನಗೆ ಅಲ್ಲೇ, ಆ ಕ್ಷಣಕ್ಕೇ ಗೊತ್ತಾಯಿತು. ಎಡಕ್ಕೆ ಅಂತ ಒಂದು ಮಾತು ಸಾಕಿತ್ತು. ಬೆನ್ನು ತಟ್ಟಿದ್ದು ಹಿತವಾಗಿತ್ತು, ಸುಮ್ಮನಿದ್ದೆ.

ಅಪ್ಪ ಹೋದ ಮೇಲೆ ನೀನು ಫೋನ್ ಮಾಡಿದ್ದೊಂದು ನೆಪ ನನಗೆ ಸಿಕ್ಕಿತು. ಹಿಡಿದುಕೊಂಡೆ.

ಅವತ್ತಿನಿಂದ ನಾನು ಯಾವ ಗಾಡಿಯನ್ನೂ ಓಡಿಸಿಲ್ಲ. ಸದ್ದು ಕೇಳಿ ಹೇಳ್ತೀನಿ ಅಂತ ಬರೆದೆನಲ್ಲ, ಅದು ಜಂಬ ಅಲ್ಲ. ಹ್ಯಾಂಡಲ್ ಹಿಡಿದರೆ ಮತ್ತೆ ಸ್ಟ್ಯಾಂಡ್ ಹಾಕಿ ಇಳಿದುಬಿಡ್ತೀನಿ. ಯಾವ ಗಿರಾಕಿಯನ್ನೂ ಯಾವ ಕಡೆಗೆ ಅಂತ ಕೇಳಿಲ್ಲ. ಆ ಪ್ರಶ್ನೆ ನನ್ನ ಬಾಯಿಗೆ ಬರಲ್ಲ. ಎಳೆಯುತ್ತೆ ಅಂದವರಿಗೆಲ್ಲ ಸುಮ್ಮನೆ ಫೋರ್ಕ್ ಬಿಚ್ಚಿ ನೋಡ್ತೀನಿ, ಹೊಗಳಿದವರದ್ದೂ ಬಿಚ್ಚುತ್ತೀನಿ. ನಿನ್ನ ಕಾಗದದಲ್ಲಿ ಆ ಮಾತು ಬಂದಾಗಲೂ ಏನೂ ಕೇಳದೆ ದಾಟಿಬಿಡೋದೇ ಬೇಕಿತ್ತು. ಅದಕ್ಕೇ ಅಷ್ಟು ಜೋರಾಗಿ ತಗೋ ತಗೋ ಅಂತ ಬರೆದದ್ದು.

ನಿನ್ನೆ ಅಮ್ಮನಿಗೆ ಹೇಳಿದೆ. ಮಷಿನ್ನಿನ ಮುಂದೆ ಕೂತಿದ್ದಳು. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ, ಮೋರಿ ಕಲ್ಲಿನಿಂದ ಹಿಡಿದು. ಅವಳು ಹೊಲಿಗೆ ನಿಲ್ಲಿಸಲಿಲ್ಲ.

"ಗೊತ್ತು" ಅಂದಳು.

ಏನು ಗೊತ್ತು ಅಂದೆ. "ನೀನು ಗಾಡಿ ತಳ್ಕೊಂಡು ಬಂದಿದ್ದು, ಹ್ಯಾಂಡಲ್ ತಿರುಚಿದ್ದು. ಈ ಕಿಟಕೀಲಿ ಕೂತೋಳಿಗೆ ಬೀದಿ ಕಾಣಲ್ವಾ?" ಅಂದಳು. ಹಾಗಾದರೆ ತಪ್ಪನ್ನು ತಂಗಿ ಮೇಲೆ ಯಾಕಮ್ಮ ಹಾಕಿದೆ ಅಂತ ಕೇಳಿದೆ. ದಾರ ಕತ್ತರಿಸಿ, ಸೀಟ್ ಕವರ್ ಮಡಚಿಟ್ಟು, ಆಮೇಲೆ ಹೇಳಿದಳು. "ನೀನು ಮಾಡಿದ್ದು ಅಂತ ನಾನು ಒಂದು ಸಲ ಬಾಯಿಬಿಟ್ಟಿದ್ರೆ ನೀನು ಉಳೀತಿರ್ಲಿಲ್ಲ. ಅವತ್ತಿನ ನಿನ್ನ ಮುಖ ನಾನು ನೋಡಿದೀನಿ. ಯಾರ ಮೇಲಾದ್ರೂ ಹಾಕ್ಲೇಬೇಕಿತ್ತು. ಅವಳು ಗಟ್ಟಿ. ತಡ್ಕೋತಾಳೆ ಅಂತ ಅವಳ ಮೇಲೆ ಹಾಕ್ದೆ."

ಮತ್ತೆ ಯಾಕೆ ಅವಳ ಜೊತೆ ಒಂದು ಸಲಾನೂ ಮಾತಾಡಲಿಲ್ಲ ಅಂದೆ. "ಮಾತಾಡಿದ್ರೆ ನಾನೇ ನಿಜ ಹೇಳಿಬಿಡ್ತಿದ್ದೆ" ಅಂದಳು.

ಸಂಜೆ ನನ್ನನ್ನು ಕರೆದು, "ಅವಳು ಯಾವ ಗಾಡಿ ತಗೊಂಡ್ಳು ಕೇಳು. ಸೀಟಿನ ಅಳತೆ ಬರೆದು ಕಳಿಸು ಅಂತ ಹೇಳು" ಅಂದಳು. ಒಳ್ಳೆ ಕಂದು ಬಣ್ಣದ ಬಟ್ಟೆ ಬೇರೆ ತೆಗೆದಿಟ್ಟಿದ್ದಾಳೆ.

ನನ್ನನ್ನು ಏನು ಬೇಕಾದರೂ ಅನ್ನು. ಅವಳಿಗೆ ಅಳತೆ ಕಳಿಸು.

ಅಣ್ಣ


ಜುಲೈ 30

ಅಣ್ಣನಿಗೆ,

ನಿನ್ನ ಕಾಗದ ಬಂದ ದಿನ ಒಂಬತ್ತೇ ಮನೆಗೆ ಹೋದೆ. ಹತ್ತನೆಯ ಮನೆಯ ಮುಂದೆ ಗಾಡಿ ನಿಲ್ಲಿಸಿ, ಒಳಗೆ ಹೋಗಲಾರದೆ ಅಲ್ಲೇ ಕೂತಿದ್ದೆ. ಆ ಮನೆಯ ಸೊಸೆ ನೀರು ತಂದುಕೊಟ್ಟಳು. ಏನಾಯಿತು ಸಿಸ್ಟರ್ ಅಂದಳು. ಗಾಡಿ ಕೆಟ್ಟಿದೆ ಅಂದೆ.

ಆರು ವರ್ಷ ನಾನು ನಿನ್ನೊಬ್ಬನನ್ನು ಅನುಮಾನಿಸಿದೆ. ಅಮ್ಮನಿಗೆ ಸತ್ಯ ಗೊತ್ತಿಲ್ಲ, ಗೊತ್ತಾದ ದಿನ ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಅಂತ ನಂಬಿದ್ದೆ. ಅದೊಂದನ್ನು ನಂಬಿಕೊಂಡೇ ನಿನಗೆ ಕಾಗದ ಬರೆಯಲು ಕೂತದ್ದು. ಕೇಳದೆ ಇದ್ದಿದ್ದರೆ ಅದಾದರೂ ಉಳಿಯುತ್ತಿತ್ತು. ನಿನ್ನ ಮೇಲೆ ಈಗ ಸಿಟ್ಟೂ ಇಲ್ಲ. ಹೇಳಿದೆಯಲ್ಲ, ಅಷ್ಟು ಸಾಕು. ಅಂಗಡಿಯಲ್ಲಿ ಇನ್ನು ಮೇಲಾದರೂ ಯಾವ ಕಡೆಗೆ ಅಂತ ಕೇಳು.

ನೀನು ಕೇಳಿದ್ದಕ್ಕೆ ಉತ್ತರ. ಮೇ ಕೊನೆಗೆ ಕೆಂಪು ಗಾಡಿ ತಗೊಂಡೆ, ಹಾಲಿನವರದ್ದು. ನಿನ್ನ ಮಾನ ಹೋದರೆ ಹೋಗಲಿ. ಏರು ಹತ್ತುವಾಗ ಗೊಣಗುತ್ತದೆ, ಆದರೂ ಹತ್ತುತ್ತದೆ. ಹನ್ನೊಂದು ಮನೆ ಮುಗಿಸಿ ನಾಲ್ಕೂವರೆಗೆ ಕೋಣೆಗೆ ಬಂದಿರುತ್ತೇನೆ. ಡಬ್ಬ ಇಲ್ಲ, ಬ್ಯಾಗನ್ನು ಹಿಂದಕ್ಕೆ ಹಗ್ಗದಲ್ಲಿ ಕಟ್ಟುತ್ತೇನೆ. ತಗೊಳ್ಳುವ ಮೊದಲು ಸ್ಟೇಷನ್ ರಸ್ತೆಯಲ್ಲಿ ಕೈ ಸಡಿಲ ಬಿಟ್ಟು ನೋಡಿದೆ. ನೇರ ಹೋಯಿತು.

ಅಮ್ಮ ಅಳತೆ ಕೇಳಿದಳು ಅಂತ ಬರೆದಿದ್ದೀಯ. ಟೇಪು ಹಿಡಿದು ಅಳೆದೆ, ಒಂದು ಚೀಟಿಯಲ್ಲಿ ಬರೆದೂ ಇಟ್ಟೆ. ಆ ಚೀಟಿಯನ್ನು ಈ ಲಕೋಟೆಯೊಳಗೆ ಹಾಕಿಲ್ಲ. ಮೇಜಿನ ಮೇಲೆ ಇದೆ. ಬಟ್ಟೆಯನ್ನು ಬೇರೆ ಯಾರಿಗಾದರೂ ಹೊಲಿಯಲಿ.

ಕಂಪನಿ ಕೊಟ್ಟ ಸೀಟು ಹಲಗೆಯ ಹಾಗಿದೆ, ಸಂಜೆಗೆ ಬೆನ್ನು ಹಿಡಿದುಕೊಳ್ಳುತ್ತದೆ. ತಡೆದುಕೊಳ್ಳುತ್ತೇನೆ ಅಂತ ಅಮ್ಮನಿಗೆ ಹೇಳು. ತಡೆದುಕೊಳ್ಳುತ್ತಾಳೆ ಅಂತಲೇ ತಾನೇ ಅವಳು ನನ್ನನ್ನು ಆರಿಸಿದ್ದು.